ಒಡಪು ತುಂಬಿದ ಸಿ.ಡಿ.

ಹೊಸ ಯಂತ್ರವೊಂದು ಊರಿಗೆ ಬಂದರೆ ಅದು ಊರಿಗೆ ಹೊಂದಿಕೊಳ್ಳಬೇಕೋ, ಊರೇ ಅದಕ್ಕೆ ಹೊಂದಿಕೊಳ್ಳಬೇಕೋ ಎಂಬುದು ಇತ್ಯರ್ಥವಾಗಲು ಸ್ವಲ್ಪ ಕಾಲ ಹಿಡಿಯುತ್ತದೆ. ಅಲ್ಲಿಯವರೆಗೆ ಇಂಥವು ನಡೆಯುತ್ತಲೇ ಇರುತ್ತವೆ, ನಡುವೆ ಸಿಕ್ಕವರು ಅರೆದು ಹಿಟ್ಟಾಗುತ್ತಾರೆ. ನಮ್ಮ ಹಾವೇರಿಗೆ ಸಿ.ಡಿ. ಬರೆಯುವ ಯಂತ್ರ ಬಂದಾಗ ನಡುವೆ ಸಿಕ್ಕವಳು ನಾನು.

ಹಾವೇರಿ ಜಿಲ್ಲೆಯಾದ ಹೊಸತು. ಬಸ್ ಸ್ಟ್ಯಾಂಡಿನ ಹತ್ತಿರದ ಓಣಿಯಲ್ಲಿ ಒಂದು ಡಿ.ಟಿ.ಪಿ. ಅಂಗಡಿ. ನಾನು ರಾಣೆಬೆನ್ನೂರಿನಿಂದ ದಿನಾ ಬಸ್ಸಿಗೆ ಬಂದು ಅಲ್ಲಿ ಲಗ್ನಪತ್ರಿಕೆ, ಕರಪತ್ರ, ಶ್ರದ್ಧಾಂಜಲಿ ಎಲ್ಲವನ್ನೂ ಒಂದೇ ಮುಖ ಮಾಡಿಕೊಂಡು ಟೈಪು ಮಾಡುತ್ತಿದ್ದೆ. ಮಾಲಕರು ಅಚ್ಚುಮೊಳೆ ಜೋಡಿಸುವ ಕಾಲದ ಛಾಪಖಾನೆಯವರು. ಕಂಪ್ಯೂಟರಿನ ಬಗ್ಗೆ ಅವರಿಗೆ ಗೊತ್ತಿದ್ದದ್ದು ಕಡಿಮೆ, ಧೈರ್ಯ ಜಾಸ್ತಿ. ನನಗೆ ಗೊತ್ತಿತ್ತು, ಧೈರ್ಯವಿರಲಿಲ್ಲ. ಹೀಗಾಗಿ ಇಬ್ಬರೂ ಸೇರಿ ಒಂದು ಅಂಗಡಿಗೆ ಸಾಲುವಷ್ಟಿದ್ದೆವು.

೧. ಸೂಜಿ ಎಲ್ಲಿ?

ಮಾಲಕರು ಹುಬ್ಬಳ್ಳಿಯಿಂದ ಆ ಪೆಟ್ಟಿಗೆಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಕಂಪ್ಯೂಟರಿಗೆ ಜೋಡಿಸಿದ ಮೇಲೆ ತಟ್ಟೆ ಇಡುವ ಟ್ರೇ ಹೊರಗೆ ಬಂತು. ಅವರು ಬ್ಯಾಟರಿ ಹಿಡಿದು ಒಳಗೆ ಇಣುಕಿದರು.

"ತಂಗಿ, ಸೂಜಿ ಕಾಣವಲ್ದಲ್ಲ? ನಮ್ಮ ಅಜ್ಜನ ಗ್ರಾಮಾಫೋನಿಗೆ ಸೂಜಿ ಇತ್ತು."

"ಇದಕ್ಕ ಸೂಜಿ ಇರಂಗಿಲ್ರಿ ಸರ್. ಬೆಳಕಽ ಸೂಜಿ. ಬರಿಯುವಾಗ ಸಣ್ಣ ಸಣ್ಣ ಚುಕ್ಕಿ ಸುಟಗೊಂತ ಹೋಗತೈತಿ. ಓದುವಾಗ ಬರೇ ಸವರಿಕೊಂತ ಹೋಗತೈತಿ. ಸುಟ್ಟಲ್ಲಿ ಬೆಳಕು ತಿರುಗಿ ಬರಂಗಿಲ್ಲ, ಸುಡದಲ್ಲಿ ಬರತೈತಿ. ಬಂತು, ಬರಲಿಲ್ಲ, ಬಂತು, ಬರಲಿಲ್ಲ. ಇಷ್ಟರಾಗಽ ಕಂಪ್ಯೂಟರಿಗೆ ಎಲ್ಲಾ ಅಕ್ಷರಾ ತಿಳೀತಾವ."

ಮಾಲಕರು ಸ್ವಲ್ಪ ಯೋಚಿಸಿ, "ಹಂಗಾದ್ರ ನಮ್ಮ ಕರೆಂಟಿನವರು ಇಷ್ಟು ದಿನಾ ನಮಗ ಏನೋ ಹೇಳಾಕತ್ತಾರ, ನಮಗ ತಿಳಿದಿಲ್ಲ" ಎಂದರು.

ಗ್ರಾಮಾಫೋನಿನ ಸೂಜಿ ಅಂಚಿನಿಂದ ನಡುವಿಗೆ ಬರುತ್ತದೆ. ಸಿ.ಡಿ.ಯಲ್ಲಿ ಬೆಳಕು ನಡುವಿನಿಂದ ಹೊರಟು ಸುರುಳಿ ಸುತ್ತುತ್ತ ಅಂಚಿಗೆ ಹೋಗುತ್ತದೆ. ಮೊದಲು ಬರೆದದ್ದು ತೂತಿನ ಹತ್ತಿರ, ಕೊನೆಗೆ ಬರೆದದ್ದು ಅಂಚಿನ ಹತ್ತಿರ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪೂಜೆಯಿಲ್ಲದೆ ಕೆಲಸ ಸುರು ಮಾಡುವ ಪದ್ಧತಿ ನಮ್ಮಲ್ಲಿಲ್ಲ. ನಾನು ಚಹಾ ಕುಡಿಯಲು ಹೋದಾಗ ಮಾಲಕರು ಮೊದಲನೇ ಡಿಸ್ಕಿನ ಹೊಳೆಯುವ ಬದಿಗೆ, ಅದೇ ಮುಖವಿರಬೇಕೆಂದು ತಿಳಿದು, ಅರಿಷಿಣ ಕಲಸಿ ಹಚ್ಚಿ, ಕುಂಕುಮ ಇಟ್ಟು, ಟ್ರೇಯಲ್ಲಿ ಮಲಗಿಸಿ ಒಳಗೆ ಕಳಿಸಿದರು. ಆ ತಟ್ಟೆ ಗಿರ್ರನೆ ತಿರುಗುವ ವೇಗ ಅವರಿಗೆ ಗೊತ್ತಿರಲಿಲ್ಲ. ನಾನು ಬಂದು ಟ್ರೇ ತೆಗೆದರೆ ಡಿಸ್ಕು ತೊಳೆದಿಟ್ಟಂತೆ ಬರಿದು, ಪೆಟ್ಟಿಗೆಯೊಳಗೆ ಓಕುಳಿಯಾಡಿದ ಹಾಗೆ ಕೆಂಪು, ಹಳದಿ. ಹತ್ತಿ ಸುತ್ತಿದ ಕಡ್ಡಿ ಹಿಡಿದು ಸಂಜೆಯವರೆಗೆ ಒರೆಸಿದೆ. ಕಡೆಗೆ ಪುಣ್ಯಕ್ಕೆ ಯಂತ್ರ ನಡೆಯಿತು.

ಮಾಲಕರು ಕೈಮುಗಿದು ಹೇಳಿದರು: "ಪೂಜಾ ಮಾಡಿದ್ದಕ್ಕ ಇಷ್ಟರ ಮ್ಯಾಲ ಉಳೀತು ನೋಡು."

೨. ಎಮ್ಮೆ ಹಗ್ಗ ಹರಿದದ್ದು

ಯಂತ್ರಕ್ಕೆ ಮೊದಲ ಗಿರಾಕಿ ಮೋಟೆಬೆನ್ನೂರಿನ ಒಬ್ಬ ಮಾಸ್ತರು. ರಾಣೆಬೆನ್ನೂರಿನ ಸಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಅವರಿಗೆ ಒಡಪಿನ ಹುಚ್ಚು.

ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಸುಮ್ಮನೆ ಹೇಳುವಂತಿಲ್ಲ. ಹೇಳಲೇಬೇಕಾದಾಗ ಪ್ರಾಸ ಕೂಡಿಸಿ ನಾಲ್ಕು ಸಾಲು ಕಟ್ಟಿ, ಅದರ ತುದಿಗೆ ಹೆಸರು ಸಿಕ್ಕಿಸಿ ಹೇಳಬೇಕು. ಅದೇ ಒಡಪು. ಲಗ್ನವಾಗಿ ಗಂಡನ ಮನೆಗೆ ಬಂದ ದಿನ ನಾದಿನಿ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ಒಡಪು ಹೇಳಿದರೆ ಒಳಗೆ, ಇಲ್ಲದಿದ್ದರೆ ಅಲ್ಲೇ ನಿಲ್ಲು.

ಮಾಸ್ತರು ಗಳಗನಾಥದಿಂದ ಕಾಗಿನೆಲೆಯವರೆಗೆ ಸೈಕಲ್ ತುಳಿದು, ಕಂಡ ಕಂಡ ಕಟ್ಟೆಯ ಮೇಲೆ ಕೂತು, ಹೆಂಗಸರನ್ನು ಕಾಡಿ ಬೇಡಿ ಒಡಪು ಕೂಡಿಸಿದ್ದರು. ಅದನ್ನೆಲ್ಲ ನಾನು ಟೈಪು ಮಾಡಿದೆ. ಕೊನೆಯ ಹಾಳೆಗೆ ಬಂದಾಗ ಮೇಲೆ 'ನಮ್ಮ ಮನೆಯವರ ಒಡಪು' ಎಂದಿತ್ತು. ಕೆಳಗೆ ಏನೂ ಇರಲಿಲ್ಲ.

"ಸರ್, ಇದು ಖಾಲಿ ಐತಲ್ರಿ?"

ಮಾಸ್ತರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು. "ಏನ್ ಹೇಳಲಿ, ಯವ್ವಾ. ಲಗ್ನಾದ ದಿನ ನಮ್ಮಕ್ಕ ಬಾಗಲದಾಗ ನಿಂತ್ಲು. ಮಂದಿ ಎಲ್ಲಾ ಕಿವಿ ಅಗಲ ಮಾಡಿ ನಿಂತಿತ್ತು. ಈಕಿ ಇನ್ನೇನು ಬಾಯಿ ತಗೀಬೇಕು, ಹಿತ್ತಲದಾಗಿನ ಎಮ್ಮಿ ಹಗ್ಗ ಹರಕೊಂಡು ಚಪ್ಪರಕ್ಕ ನುಗ್ಗಿತು. ಎಲ್ಲಾರೂ ಎಮ್ಮಿ ಹಿಂದ ಓಡಿದ್ರು. ಈಕಿ ಸಾವಕಾಶ ಒಳಗ ಹೋಗಿ ಕುಂತ್ಲು."

"ಆಮ್ಯಾಲಾರ ಕೇಳಬೇಕಿಲ್ರಿ?"

"ಕೇಳದೇನು? ಯಾವಾಗ ಕೇಳಿದ್ರೂ 'ಒಳಗ ಬಂದಾಗೇತಲ್ಲ, ಇನ್ಯಾಕ' ಅಂತಾಳ. ನಮ್ಮಕ್ಕ ಇವತ್ತಿಗೂ ಈಕಿನ್ನ 'ಹೆಸರು ಹೇಳದಽ ಹೊಸ್ತಿಲಾ ದಾಟಿದಾಕಿ' ಅಂತ ಆಡಿಕೋತಾಳ. ಊರ ಮಂದಿ ಗಂಡಂದಿರ ಹೆಸರೆಲ್ಲಾ ನನ್ನ ಚೀಲದಾಗ ಅದಾವ. ನನ್ನ ಹೆಸರೊಂದಽ ಇಲ್ಲ."

ಇಷ್ಟು ದೊಡ್ಡ ಮನುಷ್ಯ ಇಷ್ಟು ಸಣ್ಣ ಆಸೆಗೆ ಇಷ್ಟು ವರ್ಷ ಕಾದದ್ದು ಕೇಳಿ ನನಗೆ ಕೆಟ್ಟೆನಿಸಿತು. ಏನಾದರೂ ಸಮಾಧಾನ ಹೇಳಬೇಕೆಂದು, "ಹೋಗ್ಲಿ ಬಿಡ್ರಿ ಸರ್, ಎಮ್ಮಿ ಸಿಕ್ತೇನು?" ಎಂದೆ.

"ಎಮ್ಮಿ ಅವತ್ತಽ ಸಿಕ್ತು" ಎಂದರು ಮಾಸ್ತರು. "ಆವಾಗಿಂದ ತಪ್ಪಿಸಿಕೊಂಡಾಕಿ ಈಕಿ ಒಬ್ಬಾಕೀನಽ."

೩. ಖಾಲಿ ಡಬ್ಬಿ ಕೊಡಬಾರದು

ಪುಸ್ತಕವನ್ನು ಡಿಸ್ಕಿಗೆ ಬರೆದು ಕೊಟ್ಟೆ. ಬರೆದ ಜಾಗ ಕಣ್ಣಿಗೇ ಕಾಣುತ್ತದೆ, ಬಣ್ಣ ಸ್ವಲ್ಪ ಬೇರೆಯಾಗಿರುತ್ತದೆ. ಮಾಸ್ತರು ಡಿಸ್ಕನ್ನು ಬಿಸಿಲಿಗೆ ಹಿಡಿದು ನೋಡಿದರು. ನಡುವಿನ ತೂತಿನ ಸುತ್ತ ದಾರದಷ್ಟು ಸಣ್ಣ ಒಂದು ಬಳೆ. ಉಳಿದದ್ದೆಲ್ಲ ಬಯಲು.

"ನನ್ನ ಜೀವಮಾನದ ಕೆಲಸ ಇಷ್ಟಽ ಏನು?" ಎಂದರು.

ಅಕ್ಷರಕ್ಕೆ ಜಾಗ ಬಹಳ ಕಡಿಮೆ ಸಾಕು, ಇಂಥ ಪುಸ್ತಕ ಒಂದು ಕಪಾಟು ತುಂಬ ಇದ್ದರೂ ಹಿಡಿಸುತ್ತದೆ ಎಂದು ವಿವರಿಸಿದೆ. ಅದರಿಂದ ಅವರಿಗೆ ಇನ್ನೂ ನೋವಾಯಿತು. ಆಗ ಬಾಗಿಲ ಹತ್ತಿರ ಕೂತಿದ್ದ ಅವರ ಮನೆಯವರು, ಮಾಸ್ತರ ಹಿಂದೆ ಬಂದು ಇಷ್ಟೊತ್ತು ತುಟಿ ಬಿಚ್ಚದೆ ಇದ್ದ ಅಮ್ಮ, ಡಿಸ್ಕನ್ನು ಇಸಿದುಕೊಂಡು ನೋಡಿದರು.

"ತಳದಾಗ ಚೂರು ಹಾಕಿ ಡಬ್ಬಿ ಕೊಡತಾರೇನು? ನಮ್ಮ ಮನ್ಯಾಗ ಸಾರಿನ ಗಿಂಡಿ ಸೈತ ಖಾಲಿ ತಿರುಗಿ ಕೊಟ್ಟಿಲ್ಲ. ಒಂದು ಹಿಡಿ ಸಕ್ಕರಿ ಹಾಕೇ ಕೊಟ್ಟೇವಿ. ಪೂರ್ತಿ ತುಂಬ್ರಿ."

"ಅಮ್ಮಾರ, ಇದನ್ನ ಅಕ್ಷರದಿಂದ ತುಂಬಾಕ ಆಗಂಗಿಲ್ರಿ. ಧ್ವನಿಯಾದ್ರ ಜಾಗ ಬಾಳ ತಿಂತೈತಿ. ಒಂದು ತಾಸು ಮಾತಾಡಿದ್ರ ತುಂಬತೈತಿ."

"ಒಂದಽ ತಾಸೇನು?" ಎಂದರು ಅಮ್ಮ.

ಮರುದಿನ ಮೋಟೆಬೆನ್ನೂರಿನಿಂದ ಒಂದು ಟೆಂಪೋ ತುಂಬ ಹೆಂಗಸರು ಬಂದಿಳಿದರು. ಗಂಡಸರೆಲ್ಲ ಹೊರಗೆ ಎಂದು ಅಪ್ಪಣೆಯಾಯಿತು. ಮಾಲಕರು "ಇದು ನನ್ನ ಅಂಗಡಿ" ಎಂದರು. ಅವರನ್ನೇ ಮೊದಲು ಹೊರಗೆ ಹಾಕಿದರು. ನಾನು ಮೈಕು ಹಿಡಿದು ಕೂತೆ. ಒಬ್ಬೊಬ್ಬರೂ ಸೆರಗು ಸರಿಮಾಡಿಕೊಂಡು, ಮೈಕಿಗೆ ಒಮ್ಮೆ ನಮಸ್ಕಾರ ಮಾಡಿ, ಒಡಪು ಹೇಳಿದರು. ಹೇಳುವವಳು ಒಬ್ಬಳು, ನಗುವವರು ಎಲ್ಲರೂ. ಬಳೆ ಸದ್ದೇ ಅರ್ಧ ಡಿಸ್ಕು ಹಿಡಿದಿರಬೇಕು.

ಎಲ್ಲರದೂ ಮುಗಿದ ಮೇಲೆ ಅಮ್ಮ ಅವರನ್ನೂ ಹೊರಗೆ ಕಳಿಸಿದರು. ನಾವಿಬ್ಬರೇ ಉಳಿದೆವು.

"ಈಗ ನಂದು ತಗೋ" ಎಂದರು. ನಾನು ಮೈಕು ಮುಂದೆ ಹಿಡಿದೆ. ಅವರು ಹೇಳಿದರು, ಪೂರ್ತಿ, ತುದಿಗೆ ಹೆಸರಿಟ್ಟು. ನಾನು ಬಾಯಿಗೆ ಓಡಣಿ ತುರುಕಿಕೊಂಡು ನಗು ತಡೆದೆ.

"ಇದನ್ನ ಪುಸ್ತಕ ಬಿಡುಗಡಿ ದಿನಾನಽ ಕೇಳಸಬೇಕು. ನಮ್ಮ ನಾದಿನಿ ಎದುರಿಗೆ, ಮಂದಿ ಮುಂದ. ಅದಕ್ಕ ಮೊದಲ ಯಾರ ಕಿವಿಗಾರ ಬಿದ್ದಿತು ಅಂದ್ರ ನೆಪ್ಪಿಟ್ಟುಕೊ, ನಿನ್ನ ಲಗ್ನದ ದಿನ ಬಾಗಲದಾಗ ನಾನಽ ನಿಂದರತೇನಿ. ನಸುಕಾಗೂ ತನಕ ಒಡಪು ಹೇಳಸತೇನಿ. ಇನ್ನೊಂದು ಸಲ ಹೇಳು ಅಂತ ನನ್ನ ಕೇಳಬ್ಯಾಡ. ಹೇಳಿದ್ದು ಹೇಳಿದ್ದು."

ಅವರು ಹೊರಗೆ ಹೋದ ಕೂಡಲೇ ಮಾಸ್ತರು ಒಳಗೆ ಬಂದರು.

"ಹೇಳಿದ್ಲೇನು?"

"ಹೇಳಿದ್ರಿ."

"ಹೆಸರು?"

"ಅದೂ ಹೇಳಿದ್ರಿ."

"ನನ್ನ ಬೈದದ್ದೇನಾರ ಐತೇನು?"

"ಅದನ್ನ ಹೇಳೂ ಹಂಗಿಲ್ರಿ ಸರ್."

ಮಾಸ್ತರ ಮುಖ ಅರಳಿತು. "ಹಂಗಾದ್ರ ಖರೇನಽ ಹೇಳ್ಯಾಳ."

೪. ಒಂಟಿ ಸೀನು

ಮೊದಲಿನ ಡಿಸ್ಕಿನಲ್ಲಿಯೇ ಖಾಲಿ ಉಳಿದ ಜಾಗಕ್ಕೆ ಧ್ವನಿ ತುಂಬುವುದೆಂದಾಯಿತು. ಬರೆಯುವ ಬೆಳಕು ಒಮ್ಮೆ ಹೊರಟಿತೆಂದರೆ ನಡುವೆ ನಿಲ್ಲುವಂತಿಲ್ಲ. ನಿಂತರೆ ಡಿಸ್ಕು ಕೆಟ್ಟಿತು. ಇದನ್ನು ನಾನು ಹೇಳಿದ್ದೇ ತಪ್ಪಾಯಿತು. ಮಾಲಕರು ಫ್ಯಾನ್ ಬಂದ್ ಮಾಡಿದರು. ಬಾಗಿಲಿಗೆ ಅಗಳಿ ಹಾಕಿದರು. ಯಾರೂ ಅಡ್ಡಾಡಬಾರದು, ಕೆಮ್ಮಬಾರದು, ಜೋರಾಗಿ ಉಸಿರು ಬಿಡಬಾರದು ಎಂದರು. ಹೆರಿಗೆ ಕೋಣೆಯ ಹೊರಗೆ ಕೂತವರಂತೆ ನಾವು ಮೂವರೂ ಪೆಟ್ಟಿಗೆಯನ್ನೇ ನೋಡುತ್ತ ಕೂತೆವು.

ಅರ್ಧ ದಾರಿ ಹೋಗಿರಬೇಕು. ಮಾಸ್ತರು ಸೀನಿದರು. ಒಂದೇ ಸೀನು.

"ಒಂಟಿ ಸೀನು!" ಮಾಲಕರು ಎದ್ದು ನಿಂತರು. "ತಂಗಿ, ನಿಲ್ಲಸು!"

"ಸರ್, ನಿಲ್ಲಿಸಿದ್ರ ಕೆಡತೈತ್ರಿ!"

"ಒಂಟಿ ಸೀನಿನ ಮ್ಯಾಲ ನಡಿಸಿದ್ರ ಇನ್ನೂ ಕೆಡತೈತಿ!" ಎನ್ನುತ್ತ ಅವರೇ ಗುಂಡಿ ಒತ್ತಿ ಕಂಪ್ಯೂಟರನ್ನೇ ಆರಿಸಿಬಿಟ್ಟರು. ಮತ್ತೆ ಚಾಲೂ ಮಾಡಿ ನೋಡಿದರೆ ಡಿಸ್ಕು ಕೆಟ್ಟಿತ್ತು. ಒಳಗಿದ್ದ ಪುಸ್ತಕವನ್ನೂ ಓದಲೊಲ್ಲದು.

ಮಾಲಕರು ನನ್ನ ಕಡೆ ವಿಜಯದ ನಗೆ ನಕ್ಕರು. "ನೋಡ್ದೇನು? ನಾ ಹೇಳಿದ್ದಿಲ್ಲೇನು, ಸೀನಿದ್ರ ಕೆಡತೈತಿ ಅಂತ?"

ಎರಡನೇ ಡಿಸ್ಕಿಗೆ ಅವರು ಮುಂಜಾಗ್ರತೆ ತೆಗೆದುಕೊಂಡರು. ಓಣಿಯ ಅಂಗಡಿಯಿಂದ ನಶ್ಯದ ಡಬ್ಬಿ ತರಿಸಿ, ಮಾಸ್ತರ ಮೂಗಿಗೆ ಏರಿಸಿ, ಬಾಕಿಯಿದ್ದ ಇನ್ನೊಂದು ಸೀನನ್ನು ಮೊದಲೇ ಸೀನಿಸಿ ಜೋಡಿ ಮಾಡುವುದು. ಮಾಸ್ತರು ಸೀನಿದರು, ಜೋಡಿಯಾಯಿತು. "ಸುರು ಮಾಡು" ಎಂದರು. ನಾನು ಗುಂಡಿಯ ಮೇಲೆ ಬೆರಳಿಟ್ಟೆ. ಅಷ್ಟರಲ್ಲಿ ಇನ್ನೊಂದು ಬಂತು, ಮತ್ತೆ ಒಂಟಿ. ಮತ್ತೆ ನಶ್ಯ. ಈ ಸಲ ಗಾಳಿಗೆ ಹಾರಿದ ನಶ್ಯಕ್ಕೆ ಮಾಲಕರೂ ಸೀನಿದರು. ಇಬ್ಬರ ಸೀನನ್ನು ಕೂಡಿಸಬೇಕೋ, ಬೇರೆ ಬೇರೆ ಎಣಿಸಬೇಕೋ ಎಂದು ಚರ್ಚೆ ನಡೆಯಿತು. ಅವರು ಕಣ್ಣು ಮೂಗು ಒರೆಸಿಕೊಳ್ಳುತ್ತ ವಾದ ಮಾಡುತ್ತಿದ್ದಾಗ ನಾನು ಸುಮ್ಮನೆ ಗುಂಡಿ ಒತ್ತಿ ಬರೆದು ಮುಗಿಸಿದೆ. ಪುಸ್ತಕವೂ ಧ್ವನಿಯೂ ಸೇರಿ ಅಂಚಿನವರೆಗೆ ತುಂಬಿತು. ಅಮ್ಮನ ಒಡಪು ಎಲ್ಲಕ್ಕೂ ಕೊನೆಗೆ, ಅಂಚಿನಲ್ಲಿ.

ಪುಸ್ತಕ ಕಂಪ್ಯೂಟರಿನಲ್ಲಿ ಉಳಿಯಿತು. ಧ್ವನಿಗೆ ಮಾತ್ರ ಅದರಲ್ಲಿ ಜಾಗ ಸಾಲದು, ಲಗ್ನದ ಸೀಜನ್ ಬೇರೆ. ಮಾಲಕರು ಅಳಿಸಿ ಹಾಕಿಸಿದರು. ಇನ್ನು ಆ ಒಡಪು ಇರುವುದು ಜಗತ್ತಿನಲ್ಲಿ ಆ ಒಂದು ತಟ್ಟೆಯ ಅಂಚಿನಲ್ಲಿ ಮಾತ್ರ.

ಇಷ್ಟಾದ ಮೇಲೂ ಮಾಲಕರ ವಾದ ನಿಂತಿರಲಿಲ್ಲ. "ಕೂಡಿಸಿದ್ರ ಜೋಡಿ ಆಗತೈತಿ. ಇನ್ನ ಸುರು ಮಾಡು, ತಂಗಿ" ಎಂದರು. ನಾನು ಬೆಚ್ಚಗಿನ ಡಿಸ್ಕನ್ನು ಅವರ ಕೈಗೆ ಕೊಟ್ಟೆ.

೫. ತಂತಿಗೆ ಪೋಣಿಸಿದ್ದು

ಮಾಸ್ತರ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಆದರೂ ಅವರು ಡಿಸ್ಕನ್ನು ಕಿವಿಗೆ ಹಿಡಿದುಕೊಂಡು ಕೂತದ್ದನ್ನು ಅಮ್ಮ ನೋಡಿದರಂತೆ. ಕೂಡಲೇ ಅದನ್ನು ಕಸಿದು ಬ್ಯಾಡಗಿಯಲ್ಲಿದ್ದ ತಮ್ಮ ಅಣ್ಣನ ಹತ್ತಿರ ಜೋಪಾನಕ್ಕೆ ಕಳಿಸಿದರು. ಅಣ್ಣ ಮೆಣಸಿನಕಾಯಿ ದಲಾಲರು. ಅವ್ವನ ಕಾಲದ ಚೀಟಿಯೂ ಅವರಲ್ಲಿ ಕಳೆದಿಲ್ಲ ಎಂಬ ಖ್ಯಾತಿ.

ಪುಸ್ತಕದ ಅಚ್ಚಿಗೆ ಸರಕಾರದ ಸಹಾಯ ಕೇಳಿ ಅರ್ಜಿ ಹಾಕಲು ಡಿಸ್ಕು ಬೇಕಾಯಿತು. ಮಾಸ್ತರ ಜೊತೆ ನಾನೇ ಬ್ಯಾಡಗಿಗೆ ಹೋದೆ. ಬಸ್ಸಿಳಿದ ಕೂಡಲೇ ಸೀನು ಹತ್ತಿತು. ಗಾಳಿಯೇ ಖಾರ. ಬ್ಯಾಡಗಿಯಲ್ಲಿ ಸೀನಿಗೆ ಶಕುನವಿಲ್ಲ. ಇದ್ದಿದ್ದರೆ ಆ ಊರಲ್ಲಿ ಒಂದು ಚೀಲ ಕಾಯಿಯೂ ಮಾರಾಟವಾಗುತ್ತಿರಲಿಲ್ಲ.

"ಎಲ್ಲೈತ್ರಿ ಡಿಸ್ಕು?" ಎಂದೆ.

ದಲಾಲರು ತೊಲೆಯ ಕಡೆ ಕೈ ಮಾಡಿದರು. ಅಲ್ಲಿಂದ ಒಂದು ಕೊಕ್ಕೆಯ ತಂತಿ ಇಳಿಬಿದ್ದಿತ್ತು. ಆ ಅಂಗಡಿಗೆ ಬಂದ ಕಾಗದಗಳೆಲ್ಲ ಅದರಲ್ಲಿ ಪೋಣಿಸಿಕೊಂಡು ಗೊಂಚಲಾಗಿದ್ದವು. ಲಾರಿ ಚೀಟಿಯ ಮೇಲೆ, ಲೈಟ್ ಬಿಲ್ಲಿನ ಕೆಳಗೆ, ನಮ್ಮ ಡಿಸ್ಕು.

"ಹಿಂದಕ ಯಾರೋ ಫ್ಲಾಪಿ ಕೊಟ್ಟಾಗ ಬಾಳ ತ್ರಾಸಾತ್ರಿ. ಮೊಳಿ ಕಾಯಿಸಿ ತೂತು ಹಾಕಬೇಕಾತು. ಇದನ್ನ ಮಾಡಿದವರಿಗೆ ಬುದ್ಧಿ ಐತಿ. ತೂತು ಹಾಕೇ ಕಳಸ್ಯಾರ."

ತೆಗೆದು ನೋಡಿದರೆ ಮೆಣಸಿನ ಧೂಳು ಕೂತು ಕೆಂಪಾಗಿತ್ತು. ದಲಾಲರು ಟವೆಲ್ಲು ತೆಗೆದು ತಾಟು ಒರೆಸಿದ ಹಾಗೆ ಗುಂಡಗೆ ಉಜ್ಜಲು ಹೋದರು. ನಾನು ಚೀರಿದೆ.

"ಗುಂಡಗ ಒರಸಬ್ಯಾಡ್ರಿ! ಒಳಗಿನ ದಾರಿ ಗುಂಡಗ ಐತಿ. ಪಿ.ಬಿ. ರೋಡಿಗೆ ಅಡ್ಡ ಒಂದು ಗೀರು ಬಿದ್ರ ಬಸ್ಸು ಹಾರಿಸಿಕೊಂಡು ಹೋಗತೈತಿ. ರೋಡಿನ ಉದ್ದಕ್ಕೂ ಅಗದ್ರ ಹೋಗೂದೆಲ್ಲಿ? ನಡುವಿನಿಂದ ಅಂಚಿಗೆ ನೆಟ್ಟಗ ಒರಸಬೇಕು."

ಮೆತ್ತನೆ ಬಟ್ಟೆಯಲ್ಲಿ ನಾನೇ ಹಾಗೆ ಒರೆಸಿ, ಅವರ ಅಂಗಡಿಯ ಕಂಪ್ಯೂಟರಿಗೆ ಹಾಕಿದೆ. ಮೊದಲ ಒಡಪಿನ ಬಳೆ ಸದ್ದು ಕೇಳಿತು. ಅಷ್ಟಕ್ಕೇ ನಿಲ್ಲಿಸಿದೆ. ಮಾಸ್ತರ ಜೀವ ತಿರುಗಿ ಬಂತು.

ದಲಾಲರಿಗೆ ಮಾತ್ರ ಬೇರೆಯೇ ಅನುಮಾನ. "ಅಲ್ರಿ, ಪಕ್ಕದ ಅಕ್ಕಸಾಲಿಗರ ತಕ್ಕಡಿಯೊಳಗ ನಾ ಇದನ್ನ ತೂಗಿಸೇನಿ. ಖಾಲಿ ಡಿಸ್ಕೊಂದು ಇತ್ತು, ಅದನ್ನೂ ತೂಗಿಸೇನಿ. ಎರಡೂ ಒಂದಽ ತೂಕ! ಇಷ್ಟು ಒಡಪು ತುಂಬೀರಿ, ಗುಂಜಿಯಷ್ಟೂ ಏರಿಲ್ಲ. ಇದೆಂಥಾ ತುಂಬೂದ್ರಿ?"

"ತುಂಬೂದು ಅಂದ್ರ ಹೊಸಾದು ಏನೂ ಹಾಕಂಗಿಲ್ರಿ. ಬೆಳಕಿನಿಂದ ಸುಟ್ಟು ಚುಕ್ಕಿ ಚುಕ್ಕಿ ಕಲಿ ಬೀಳಸತೇವಿ, ಅಷ್ಟಽ."

ದಲಾಲರು ಮಾಸ್ತರ ಕಡೆ ತಿರುಗಿದರು. "ಕೇಳಿದ್ರೇನು, ಮಾಸ್ತರ? ಕಾಯಿಗೆ ಕಲಿ ಬಿದ್ರ ನಾವು ರೇಟು ಇಳಸತೇವಿ. ಇವರು ತಾವಽ ಕಲಿ ಬೀಳಿಸಿ ರೇಟು ಏರಸತಾರ!"

೬. ನಕಲು ಸರಿಯಿದೆ

ಅರ್ಜಿಯ ಜೊತೆ ಮೂಲ ಪ್ರತಿ ತೋರಿಸಿ, ದೃಢೀಕರಿಸಿದ ನಕಲನ್ನು ಲಗತ್ತಿಸಬೇಕು ಎಂದು ನಿಯಮ. ಕಾಗದಕ್ಕೆ ಮಾಡಿದ ನಿಯಮವನ್ನು ಡಿಸ್ಕಿಗೂ ಹಚ್ಚಿದ್ದರು. ನಕಲು ಮಾಡಲು ಅಂಗಡಿಯಲ್ಲಿ ಖಾಲಿ ಡಿಸ್ಕು ಮುಗಿದಿತ್ತು. ಮಾಲಕರು ನನಗೆ ಹೇಳದೆ, ಸೀನಿಗೆ ಕೆಟ್ಟುಹೋದ ಆ ಮೊದಲನೇ ಡಿಸ್ಕನ್ನೇ ಕವರಿಗೆ ಹಾಕಿಕೊಂಡು ಮಾಸ್ತರ ಜೊತೆ ಹಾವೇರಿಯ ಒಂದು ಕಚೇರಿಗೆ ಹೋದರು. ಅಲ್ಲಿಯ ಸಾಹೇಬರು ಮೈಸೂರು ಕಡೆಯಿಂದ ವರ್ಗವಾಗಿ ಬಂದವರು, ಬಲು ಕಟ್ಟುನಿಟ್ಟು.

"ನಾನು ಸುಮ್ಮಸುಮ್ಮನೆ ಸಹಿ ಹಾಕೋನಲ್ಲ. ತಾಳೆ ನೋಡಬೇಕು" ಎಂದು ಅವರು ಎರಡೂ ಡಿಸ್ಕುಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡರು. ಒಂದರ ಮೇಲೆ ಒಂದು ಇಟ್ಟು ಅಂಚು ಸರಿಯಾಗಿ ಕೂಡುತ್ತದೆಯೇ ನೋಡಿದರು. ತೂತಿನಲ್ಲಿ ಬೆರಳು ಹಾಕಿ ಅಳತೆ ನೋಡಿದರು. ಕಿಟಕಿಯ ಬೆಳಕಿಗೆ ಹಿಡಿದು ಎರಡರಲ್ಲೂ ಕಾಮನಬಿಲ್ಲು ಬರುತ್ತದೆಂದು ಖಾತ್ರಿ ಮಾಡಿಕೊಂಡರು. ಬ್ಯಾಡಗಿಯ ಕೆಂಪು ಮೂಲದ ತೂತಿನ ಸುತ್ತ ಇನ್ನೂ ಸ್ವಲ್ಪ ಉಳಿದಿತ್ತು.

"ಮೂಲಕ್ಕಿಂತ ನಕಲೇ ನೀಟಾಗಿದೆಯಲ್ರೀ" ಎಂದು ಮೆಚ್ಚಿಕೊಂಡು, ಓದಲು ಬಾರದ ಆ ಡಿಸ್ಕಿನ ಮೇಲೆ 'ನಕಲು ಸರಿಯಿದೆ' ಎಂದು ಸಿಕ್ಕೆ ಒತ್ತಿದರು.

ಸಂಜೆ ಮಾಲಕರು ಇದನ್ನು ಹೇಳಿ ನಗುತ್ತಿದ್ದಾಗ ನನಗೆ ಒಂದು ಸಂಶಯ ಬಂತು. "ಮೂಲದ ಮ್ಯಾಲೂ ಏನಾರ ಬರದ್ರೇನು?"

"ಬರೀದಽ ಬಿಡತಾರೇನು? ಪಾತ್ರಿ ಕಂಠಕ್ಕ ಹೆಸರು ಕೆತ್ತಸತೇವಲ್ಲ, ಹಂಗ ಅಂಚಿನ ಗುಂಟ ಗುಂಡಗ ಬರದ್ರು. 'ಮೂಲ ಪ್ರತಿ, ಪರಿಶೀಲಿಸಲಾಗಿದೆ' ಅಂತ, ತಮ್ಮ ಹೆಸರು, ಹುದ್ದೆ, ಎಲ್ಲಾ. ಬಾಲ್ ಪೆನ್ನು ಮೂಡವಲ್ದಾಗಿತ್ತು. ಪಾಪ, ಒತ್ತಿ ಒತ್ತಿ ಬರದ್ರು."

ಎಲ್ಲರೂ ಹೊಳೆಯುವ ಬದಿಯನ್ನು ಜೋಪಾನ ಮಾಡುತ್ತಾರೆ. ನಾಜೂಕಾದದ್ದು ಹೆಸರು ಬರೆಯುವ ಬದಿ. ಬೆಳಕನ್ನು ಹಿಂದಕ್ಕೆ ಕಳಿಸುವ ಬೆಳ್ಳಿಯಂಥ ಲೇಪ ಅದರ ಕೆಳಗೇ ಇರುತ್ತದೆ, ಮೇಲೆ ಈರುಳ್ಳಿ ಸಿಪ್ಪೆಯಷ್ಟೇ ಹೊದಿಕೆ. ಅದೂ ಅಂಚಿಗೆ, ಅದೂ ಗುಂಡಗೆ, ದಾರಿಯ ಉದ್ದಕ್ಕೆ! ಓಡಿಹೋಗಿ ನೋಡೋಣವೆಂದರೆ ಮಾಸ್ತರು ಡಿಸ್ಕು ತೆಗೆದುಕೊಂಡು ಊರಿಗೆ ಹೋಗಿಯಾಗಿತ್ತು. ಅಮ್ಮ ಅದನ್ನು ತಮ್ಮ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ್ದರು. ಬಿಡುಗಡೆಯ ದಿನದವರೆಗೆ ತೆಗೆಯುವುದಿಲ್ಲ ಎಂದು ಹೇಳಿ ಕಳಿಸಿದರು.

ಅತ್ತ ಸಹಾಯ ಮಂಜೂರಾಗಿ ಪತ್ರ ಬಂತು. ಸೀನಿಗೆ ಕೆಟ್ಟ ಡಿಸ್ಕಿನ ಬಗ್ಗೆ ಅದರಲ್ಲಿ ಬರೆದಿತ್ತು: "ಸಲ್ಲಿಸಿದ ನಕಲನ್ನು ಕೂಲಂಕಷವಾಗಿ ಓದಲಾಗಿದೆ. ತೃಪ್ತಿಕರವಾಗಿದೆ."

೭. ಬಾಗಿಲು ಬಿಟ್ಟದ್ದು

ಬಿಡುಗಡೆ ರಾಣೆಬೆನ್ನೂರಿನಲ್ಲಿ, ಮಾಸ್ತರು ಕಲಿಸಿದ ಸಾಲೆಯ ಸಭಾಗೃಹದಲ್ಲಿ. ಕಂಪ್ಯೂಟರನ್ನು ಹಾಸಿಗೆಯಲ್ಲಿ ಸುತ್ತಿ ಟೆಂಪೋದಲ್ಲಿ ತಂದಿದ್ದೆವು. ಒಡಪು ಕೊಟ್ಟ ಹೆಂಗಸರೆಲ್ಲ ಊರೂರಿನಿಂದ ಬಂದಿದ್ದರು. ಮಾಸ್ತರ ಅಕ್ಕ, ಆ ಬಾಗಿಲು ತಡೆದ ನಾದಿನಿ, ಈಗ ಹಣ್ಣು ಮುದುಕಿ. ಮಂಡಿನೋವೆಂದು ಸಭಾಗೃಹದ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಪುಸ್ತಕ ಹಂಚಿದರು. ಕೊನೆಯ ಪುಟ ಖಾಲಿಯಿತ್ತು. ಈಗ ಕೇಳಿ ಬರೆದುಕೊಳ್ಳಿ ಎಂದು ಮಾಸ್ತರು ಎಲ್ಲರಿಗೂ ಹೇಳಿಟ್ಟಿದ್ದರು.

ಅಮ್ಮ ಸೆರಗಿನೊಳಗಿಂದ ಡಿಸ್ಕು ತೆಗೆದು ಕೊಟ್ಟರು. ಅಂಚಿನ ಸುತ್ತ ಸಾಹೇಬರ ಅಕ್ಷರ ಗೀರುಗೀರಾಗಿ ಹೊಳೆಯುತ್ತಿತ್ತು. ಕಣ್ಣು ಮುಚ್ಚಿ ಟ್ರೇ ಒಳಗೆ ಕಳಿಸಿದೆ.

ಒಳಗಿನ ಸುತ್ತಿನ ಒಡಪುಗಳು ಚೆನ್ನಾಗಿ ಬಂದವು. ತಮ್ಮ ದನಿ ಕೇಳಿದವರೆಲ್ಲ ಮುಖ ಮುಚ್ಚಿಕೊಂಡು ನಕ್ಕರು. ಕೊನೆಗೆ ಅಮ್ಮನ ದನಿ ಬಂತು. ಮಾಸ್ತರು ಎದ್ದು ಬಂದು ಪೆಟ್ಟಿಗೆಗೇ ಕಿವಿ ಹಚ್ಚಿದರು.

"ಊರೂರು ತಿರಗಿ ಒಡಪ ಕೂಡಿಸಿದರು,
ಉಪ್ಪು ತರ್ರಿ ಅಂದ್ರ ಸಕ್ಕರಿ ತಂದರು,
ಸಕ್ಕರಿ ತರ್ರಿ ಅಂದ್ರ ಸಂತೀನಽ ಮರತರು,
ಇಂಥಾ ಶ್ಯಾಣ್ಯಾರು ನನಗಽ ಸಿಕ್ಕರು..."

ಗರ್ರ್. ಪೆಟ್ಟಿಗೆ ಗೊಣಗಿತು. ವೇಗ ಇಳಿಸಿತು, ಏರಿಸಿತು, ಮತ್ತೆ ಹುಡುಕಿತು. ಆಮೇಲೆ ಕಂಪ್ಯೂಟರಿನ ಪರದೆ ನೀಲಿಯಾಗಿ ಎಲ್ಲಾ ನಿಂತಿತು.

ಮೊದಲಿನಿಂದ ಹಚ್ಚಿದೆ. "ನನಗಽ ಸಿಕ್ಕರು..." ಗರ್ರ್. ಡಿಸ್ಕು ಒರೆಸಿ ಹಚ್ಚಿದೆ. "ಸಿಕ್ಕರು..." ಗರ್ರ್. ಎಷ್ಟು ಸಲ ಹಚ್ಚಿದರೂ ಹೆಸರಿನ ಹೊಸ್ತಿಲಿಗೆ ಬಂದು ನಿಂತುಬಿಡುತ್ತಿತ್ತು.

"ಹೆಸರು ಹೇಳಾಕ ಮಿಷನ್ನಿಗೂ ನಾಚಿಕಿ ಬಂತು ನೋಡ್ರೆ" ಎಂದಳೊಬ್ಬಳು.

ಮಾಲಕರು ನನ್ನ ಕಡೆ ಬಗ್ಗಿ, "ತಂಗಿ, ನೀ ಕೇಳೀದಿಯಲ್ಲ? ಲಗೂನ ಹೇಳಿಬಿಡು" ಎಂದರು. ಮೈಕು ಚಾಲೂ ಇತ್ತು. ಲಗ್ನವಾಗದ ಹುಡುಗಿ ಇನ್ನೊಬ್ಬರ ಗಂಡನ ಹೆಸರಲ್ಲಿ ಒಡಪು ಹೇಳುವುದೇ? ಇಡೀ ಹೆಂಗಸರ ಸಭೆ ಮಾಲಕರ ಮೇಲೆ ಎದ್ದಿತು. ಅವರು ವೇದಿಕೆಯ ಪರದೆಯ ಹಿಂದೆ ಹೋಗಿ ನಿಂತರು.

ಮಾಸ್ತರು ಇನ್ನೂ ಪೆಟ್ಟಿಗೆಗೆ ಕಿವಿ ಹಚ್ಚಿಕೊಂಡೇ ಇದ್ದರು. ಆ ಮುಖ ನೋಡಲಾಗಲಿಲ್ಲ ನನಗೆ. ಅಳು ಬಂತು.

ಆಗ ಬಾಗಿಲ ಕಡೆಯಿಂದ ಮುದುಕಿಯ ದನಿ ಕೇಳಿತು. "ನಾ ಅವತ್ತಽ ಹೇಳೇನಿ, ಈಕಿ ಹೇಳೂವಾಕಿ ಅಲ್ಲ. ಆವಾಗ ಎಮ್ಮಿ, ಈಗ ಮಿಷನ್ನು!"

ಅಮ್ಮ ಧಡಕ್ಕನೆ ಎದ್ದರು. ಮೆಟ್ಟಿಲು ಹತ್ತಿ ಬಂದರು. "ಬಂದ್ ಮಾಡ ಆ ಡಬ್ಬಿ!" ಎಂದು ನನ್ನ ಕೈಯಿಂದ ಮೈಕು ಕಿತ್ತುಕೊಂಡರು. ಸೆರಗು ಸರಿಮಾಡಿಕೊಂಡು, ಊರೂರು ತಿರುಗಿದ್ದರಿಂದ ಹಿಡಿದು ಸಂತೆ ಮರೆತದ್ದರವರೆಗೆ ಪೂರ್ತಿ ಮತ್ತೊಮ್ಮೆ ಹೇಳಿ, ಸಭಾಗೃಹದ ತಗಡು ಅದುರುವ ಹಾಗೆ ಮುಗಿಸಿದರು:

"ಇಂಥಾ ಶ್ಯಾಣ್ಯಾರು ನನಗಽ ಸಿಕ್ಕರು, ನಮ್ಮ ರುದ್ರಪ್ಪ ಮಾಸ್ತರು!"

ಮಾಸ್ತರು ಪೆಟ್ಟಿಗೆಯಿಂದ ಕಿವಿ ತೆಗೆದರು. ಕನ್ನಡಕ ತೆಗೆದು ಧೋತರದ ಅಂಚಿಗೆ ಒರೆಸತೊಡಗಿದರು. ಜನ ನಗುತ್ತ, ಚಪ್ಪಾಳೆ ಹೊಡೆಯುತ್ತ, ಪೆನ್ನು ಕೇಳುತ್ತ ಕೊನೆಯ ಪುಟದ ಮೇಲೆ ಬಗ್ಗಿದರು.

ಬಾಗಿಲಲ್ಲಿ ಕೂತಿದ್ದ ನಾದಿನಿ ಮಂಡಿ ಹಿಡಿದುಕೊಂಡು ನಿಧಾನಕ್ಕೆ ಎದ್ದಳು. ಕುರ್ಚಿಯನ್ನು ಬಾಗಿಲಿನಿಂದ ಪಕ್ಕಕ್ಕೆ ಎಳೆದಳು.

"ಇನ್ನ ಒಳಗ ಬಾ ನಮ್ಮವ್ವಾ" ಎಂದಳು. "ದಾರಿ ಬಿಟ್ಟೇನಿ."